ಗೋಡೆಗೆ ಗೋಡೆ ತಾಗಿದ ಮನೆಗೆ ಎಂಥ ಗಿಳಿ?

ಕೇಳುಗರಿಗೆ ನಮಸ್ಕಾರ.

ಚಿಕ್ಕ ಮನೆಯಲ್ಲಿ ಗಿಳಿ ಸಾಕಬಹುದಾ ಅಂತ ಕೇಳುವವರು ಸಾಮಾನ್ಯವಾಗಿ ಪಂಜರ ಇಡೋಕೆ ಜಾಗ ಇದೆಯಾ ಅಂತ ಮಾತ್ರ ಯೋಚಿಸಿರುತ್ತಾರೆ. ಜಾಗ ಹೇಗೋ ಹೊಂದಿಸಬಹುದು. ಕಷ್ಟ ಇರುವುದು ದನಿಯಲ್ಲಿ. ಗೋಡೆಯ ಆಚೆ ರಾತ್ರಿ ಪಾಳಿ ಮುಗಿಸಿ ಮಲಗಿದವರು ಇರಬಹುದು, ಎಳೆ ಮಗು ಇರಬಹುದು. ಅಂಥ ಕಡೆ ತಪ್ಪು ಗಿಳಿ ತಂದರೆ ತಿಂಗಳೊಳಗೆ ದೂರು ಬರುತ್ತದೆ. ಕೊನೆಗೆ ಮನೆ ಬಿಡಬೇಕಾಗಿ ಬರುವುದು ಆ ಹಕ್ಕಿಗೆ. ಹೀಗೆ ಕೈಯಿಂದ ಕೈಗೆ ದಾಟುವ ಗಿಳಿಗಳನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ. ಆ ಕಾರಣಕ್ಕೇ ಈ ಮಾತು.

ಗಿಳಿ ಯಾಕೆ ಕೂಗುತ್ತದೆ? ಅದು ಗುಂಪಿನಲ್ಲಿ ಬದುಕುವ ಹಕ್ಕಿ. ಕಾಡಿನಲ್ಲಿ ಬೆಳಗ್ಗೆ ಎದ್ದಾಗ, ಸಂಜೆ ಮರಕ್ಕೆ ಮರಳುವಾಗ ಎಲ್ಲವೂ ಸೇರಿ ಗದ್ದಲ ಮಾಡುತ್ತವೆ. ಜೊತೆಯ ಹಕ್ಕಿ ಎಲೆ ಮರೆಗೆ ಹೋದರೆ ಎಲ್ಲಿದ್ದೀಯಾ ಅಂತ ಕರೆಯುತ್ತವೆ. ಮನೆಯಲ್ಲಿ ಆ ಗುಂಪು ನೀವೇ. ನೀವು ಅಡುಗೆಮನೆಗೆ ಹೋದ ಕೂಡಲೇ ಅದು ಕತ್ತು ಉದ್ದ ಮಾಡಿ, ಬಾಗಿಲ ಕಡೆ ನೋಡುತ್ತಾ ಕೂಗುತ್ತದೆ. ಅಲ್ಲಿಂದಲೇ ನೀವೊಂದು ಸಣ್ಣ ಸಿಳ್ಳೆ ಹೊಡೆದರೆ ಎಷ್ಟೋ ಹಕ್ಕಿಗಳು ಸುಮ್ಮನಾಗುತ್ತವೆ. ಕಿರುಚಿದಾಗಲೆಲ್ಲ ಓಡಿ ಬಂದರೆ ಮಾತ್ರ, ಕಿರುಚಿದರೆ ಬರುತ್ತಾರೆ ಅಂತ ಕಲಿತುಬಿಡುತ್ತದೆ. ಆದರೆ ಬೆಳಗಿನ, ಸಂಜೆಯ ಕೂಗನ್ನು ಯಾರೂ ಬಿಡಿಸಲಾರರು. ಅದು ಅದರ ಹುಟ್ಟುಗುಣ.

ಸಣ್ಣ ಹಕ್ಕಿಯಾದರೆ ಸಣ್ಣ ದನಿ ಅಂತ ನಂಬಬೇಡಿ. ಹಳದಿ, ಕಿತ್ತಳೆ ಬಣ್ಣದ ಸನ್ ಕಾನ್ಯೂರ್ ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 30 ಸೆಂಟಿಮೀಟರ್, ಅಷ್ಟೇ. ನೋಡಿದವರು ಮರುಳಾಗುತ್ತಾರೆ. ಅದು ಕಿರುಚಿದರೆ ಕಿವಿ ಗುಂಯ್ ಅನ್ನುತ್ತದೆ. ಅದರದೇ ಬಳಗದ ಗ್ರೀನ್ ಚೀಕ್ಡ್ ಕಾನ್ಯೂರ್ 26 ಸೆಂಟಿಮೀಟರ್. ಅದರ ದನಿ ಎಷ್ಟೋ ತಗ್ಗು, ಆಟ ಮಾತ್ರ ಜಾಸ್ತಿ. ಅಂಗೈಯಲ್ಲಿ ಕೂರುವ ಲವ್ ಬರ್ಡ್‌ನ ಕೂಗು ಚೂರಿಯಷ್ಟು ಚೂಪು. ಮೈ ತುಂಬಿಕೊಂಡ ಪಯೋನಸ್ ಗಿಳಿ ಇವೆಲ್ಲಕ್ಕಿಂತ ದಪ್ಪ, ಆದರೂ ಸ್ವಭಾವದಲ್ಲಿ ಸಾಧು. ಕಾಕಟೂ, ಮಕಾವ್‌ನಂಥ ದೊಡ್ಡ ಗಿಳಿಗಳ ಮಾತೇ ಬೇಡ. ಅವು ಫ್ಲಾಟ್‌ಗೆ ಹೇಳಿದ ಹಕ್ಕಿಗಳಲ್ಲ.

ನನ್ನನ್ನು ಕೇಳಿದರೆ, ಮನೆಯಲ್ಲಿ ಸದಾ ಯಾರಾದರೂ ಇರುತ್ತೀರಿ ಅಂದರೆ ಕಾಕಟೀಲ್. ತಲೆಯ ಮೇಲಿನ ಜುಟ್ಟನ್ನು ನೋಡಿದರೆ ಅದರ ಮನಸ್ಸು ತಿಳಿಯುತ್ತದೆ. ಬೆದರಿದರೆ ಜುಟ್ಟು ನೆಟ್ಟಗೆ, ಸಿಟ್ಟು ಬಂದರೆ ತಲೆಗೆ ಅಂಟಿಕೊಂಡಂತೆ. ಮಾತು ಕಡಿಮೆ, ಸಿಳ್ಳೆಯಲ್ಲಿ ಜಾಣ. ಆದರೆ ಒಂದು ಸಂಗತಿ ಗೊತ್ತಿರಲಿ. ಕಾಕಟೀಲ್‌ನ ಪುಕ್ಕದಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಕಪ್ಪು ಟಿವಿ ಪರದೆಯನ್ನು ಬೆಳಗ್ಗೆ ಒರೆಸಿ, ಸಂಜೆ ಬೆರಳಾಡಿಸಿ ನೋಡಿ, ಗೆರೆ ಮೂಡುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಇದು ಸಣ್ಣ ವಿಷಯ ಅಲ್ಲ. ಆಫ್ರಿಕನ್ ಗ್ರೇ ಗಿಳಿಗೂ ಇದೇ ಗುಣ. ಇನ್ನೊಂದು, ಕಾಕಟೀಲ್ ಕತ್ತಲಲ್ಲಿ ಏನೋ ಸದ್ದಿಗೆ ಬೆದರಿ ಪಂಜರದೊಳಗೇ ಬಡಿದಾಡುತ್ತದೆ, ರೆಕ್ಕೆ ಮುರಿದುಕೊಳ್ಳುವುದೂ ಉಂಟು. ಹತ್ತಿರ ಒಂದು ಮಂದ ದೀಪ ಇಟ್ಟರೆ ಒಳ್ಳೆಯದು.

ದಿನವಿಡೀ ಎಲ್ಲರೂ ಹೊರಗೆ ಹೋಗುವ ಮನೆಯಾದರೆ ಬಡ್ಜಿ ಎಂಬ ಪುಟ್ಟ ಗಿಳಿಗಳನ್ನು ಎರಡು ತನ್ನಿ. ಒಂಟಿ ಬೇಡ. ತೂಕ ತಲಾ 30ರಿಂದ 40 ಗ್ರಾಂ. ದಿನವೆಲ್ಲ ಚಿಲಿಪಿಲಿ ಇರುತ್ತದೆ, ಆದರೆ ಗೋಡೆ ಸೀಳುವ ದನಿಯಲ್ಲ. ಗಿಳಿ ಮಾತಾಡಬೇಕು ಅಂತ ಆಸೆ ಇರುವವರು ಈ ಪುಟ್ಟ ಹಕ್ಕಿಯನ್ನು ಕಡೆಗಣಿಸಬೇಡಿ. 1,728 ಪದ ಕಲಿತು ಗಿನ್ನೆಸ್ ದಾಖಲೆ ಮಾಡಿದ್ದು ಪಕ್ ಎಂಬ ಒಂದು ಬಡ್ಜಿ! ಜೊತೆ ಇದ್ದಾಗ ಅವು ತಮ್ಮತಮ್ಮಲ್ಲೇ ಹರಟುತ್ತವೆ, ನಿಮ್ಮ ಮಾತು ಕಲಿಯುವುದು ಕಡಿಮೆಯಾಗಬಹುದು. ಆಗಲಿ ಬಿಡಿ. ಒಂಟಿಯಾಗಿ ಕೊರಗುವುದಕ್ಕಿಂತ ಇದು ಮೇಲು ಅಲ್ವಾ?

ಪಂಜರ ಎತ್ತರಕ್ಕಿಂತ ಅಗಲ ಇರಲಿ. ಗಿಳಿ ಹಾರುವುದು ಅಡ್ಡಡ್ಡ, ಲಿಫ್ಟ್‌ನಂತೆ ಮೇಲೆ ಕೆಳಗೆ ಅಲ್ಲ. ಬಡ್ಜಿಗೆ ಕಂಬಿಗಳ ನಡುವಿನ ಸಂದು 12 ಮಿಲಿಮೀಟರ್ ಮೀರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ದಿನಾ ಸ್ವಲ್ಪ ಹೊತ್ತು ಹೊರಗೆ ಬಿಡಿ. ಬಿಡುವ ಮುಂಚೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ.

ಚಿಕ್ಕ ಮನೆಯಲ್ಲಿ ಅಡುಗೆಮನೆ ಪಂಜರಕ್ಕೆ ಹತ್ತಿರವೇ ಇರುತ್ತದೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ನಾನ್‌ಸ್ಟಿಕ್ ಪಾತ್ರೆ ಖಾಲಿಯಾಗಿ ಒಲೆ ಮೇಲೆ ಅತಿಯಾಗಿ ಕಾದರೆ, ಅದರ ಲೇಪದಿಂದ ಬರುವ ಹೊಗೆ ಗಿಳಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಹುದು. ನಮಗೆ ವಾಸನೆಯೂ ಗೊತ್ತಾಗದೇ ಹೋಗಬಹುದು. ಹಕ್ಕಿಯ ಉಸಿರಾಟವೇ ಹಾಗೆ, ಗಾಳಿಯಲ್ಲಿ ಇದ್ದದ್ದನ್ನೆಲ್ಲ ಬೇಗ ಹೀರುತ್ತದೆ. ಗಿಳಿ ಬರುವ ಮೊದಲೇ ಆ ಪಾತ್ರೆಗಳನ್ನು ಹೊರಗೆ ಹಾಕಿ. ಸಿಗರೇಟು, ಪರಿಮಳದ ಸ್ಪ್ರೇ ಕೂಡ ಬೇಡ.

ಕಾಡಿನಿಂದ ಹಿಡಿದು ತಂದ ಗಿಳಿಯನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ನೀವಿರುವ ಕಡೆ ಕಾನೂನು ಯಾವ ಗಿಳಿಗೆ ಅವಕಾಶ ಕೊಟ್ಟಿದೆ ಅಂತ ಮೊದಲು ವಿಚಾರಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ. ಕಾಕಟೀಲ್ 15ರಿಂದ 20 ವರ್ಷ ಬದುಕುತ್ತದೆ, ಅಷ್ಟರಲ್ಲಿ ನೀವು ಎಷ್ಟು ಮನೆ ಬದಲಿಸುತ್ತೀರೋ.

ನೋಡಲು ಹೋಗುವಾಗ ಮಧ್ಯಾಹ್ನ ಹೋಗಬೇಡಿ. ಆಗ ಎಲ್ಲ ಗಿಳಿಗಳೂ ತೂಕಡಿಸುತ್ತಾ ಇರುತ್ತವೆ, ಎಲ್ಲವೂ ಸಾಧು ಅನ್ನಿಸುತ್ತವೆ. ಹೊತ್ತು ಮುಳುಗುವ ಮುಂಚೆ ಹೋಗಿ, ಒಂದು ಗಂಟೆ ಅಲ್ಲೇ ಕೂತು ಕೇಳಿ. ಮೂಗಿನ ತೂತು, ಬಾಲದ ಬುಡ ಎರಡೂ ಶುಚಿಯಾಗಿವೆಯಾ ನೋಡಿ. ಉಳಿದವು ಆಡುತ್ತಿರುವಾಗ ಒಂದು ಮಾತ್ರ ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿದಿದ್ದರೆ ಅದಕ್ಕೆ ಮೈ ಸರಿಯಿಲ್ಲ. ಹಕ್ಕಿಗಳು ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತವೆ. ಗಿಳಿಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಅಂತ, ಪಂಜರ ಕೊಳ್ಳುವ ಮೊದಲೇ ಹುಡುಕಿಟ್ಟುಕೊಳ್ಳಿ.

ನಮಸ್ಕಾರ.