ಬಡ್ಡಿ ದರಕ್ಕೂ ಚಿಮಣಿಯ ಹೊಗೆಗೂ ಏನು ಸಂಬಂಧ?

[ದೃಶ್ಯ: ತಕ್ಕಡಿಯ ಮೇಲೆ ಒಂದು ಲೀಟರ್ ಪೆಟ್ರೋಲ್]

ನಮಸ್ಕಾರ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ಅದು ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೋ! ಹೆಚ್ಚಿನ ತೂಕ ಎಲ್ಲಿಂದ ಬಂತು? ಗಾಳಿಯಿಂದ. ಉರಿಯುವಾಗ ಒಂದೊಂದು ಇಂಗಾಲದ ಪರಮಾಣುವೂ ಎರಡೆರಡು ಆಮ್ಲಜನಕದ ಪರಮಾಣುಗಳನ್ನು ಕೂಡಿಸಿಕೊಳ್ಳುತ್ತದೆ. ಇಂಗಾಲದ ತೂಕ 12 ಎಂದಿಟ್ಟುಕೊಂಡರೆ, ಆಮ್ಲಜನಕ ಸೇರಿದ ಮೇಲೆ ಅದು 44 ಆಗುತ್ತದೆ. ಜಗತ್ತು ಬಳಸುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇಂದಿಗೂ ಕಲ್ಲಿದ್ದಲು, ತೈಲ ಮತ್ತು ಅನಿಲದ್ದೇ. ಹಾಗಾಗಿ ಶಕ್ತಿಯ ಬಳಕೆ ಏರಿದಂತೆ ಇಂಗಾಲವೂ ಏರುತ್ತಾ ಬಂದಿದೆ. ಇಲ್ಲಿಯವರೆಗೆ ಲೆಕ್ಕ ನೇರವಾಗಿದೆ.

ಹಣಕಾಸಿನ ವಿಷಯಕ್ಕೆ ಬಂದರೆ ಲೆಕ್ಕ ತೊಡಕಾಗುತ್ತದೆ.

ಒಂದು ದೇಶದ ಹಣಕಾಸು ವ್ಯವಸ್ಥೆ ಎಷ್ಟು ಬೆಳೆದಿದೆ ಎಂದು ಅಳೆಯಲು ಅರ್ಥಶಾಸ್ತ್ರಜ್ಞರು ಹೆಚ್ಚಾಗಿ ನೋಡುವುದು, ಖಾಸಗಿ ವಲಯದ ಒಟ್ಟು ಸಾಲ ಜಿಡಿಪಿಯ ಶೇಕಡಾ ಎಷ್ಟಿದೆ ಎಂಬುದನ್ನು. ಸಾಲ ಸುಲಭವಾಗಿ ಸಿಕ್ಕರೆ ಮನೆಗೆ ಕಾರು ಬರುತ್ತದೆ, ಎಸಿ ಬರುತ್ತದೆ, ಕಾರ್ಖಾನೆ ಇನ್ನೊಂದು ಪಾಳಿ ಓಡುತ್ತದೆ. ಹಳೆಯ ಬಾಯ್ಲರ್ ಕಿತ್ತು, ಕಡಿಮೆ ಇಂಧನದಲ್ಲಿ ನಡೆಯುವ ಹೊಸದನ್ನು ಕೂರಿಸುವುದಕ್ಕೂ ಅದೇ ಸಾಲ ಬೇಕು. ಕೆಲವು ಅಧ್ಯಯನಗಳಲ್ಲಿ ಹಣಕಾಸು ಬೆಳೆದಂತೆ ಹೊಗೆ ಹೆಚ್ಚುತ್ತದೆ, ಕೆಲವುಗಳಲ್ಲಿ ತಗ್ಗುತ್ತದೆ. ನನಗೆ ಇದು ಆಶ್ಚರ್ಯದ ಸಂಗತಿಯಲ್ಲ. ಸಾಲ ಎಷ್ಟು ಎಂಬುದನ್ನು ಆ ಅಳತೆ ಹೇಳುತ್ತದೆ, ಯಾವುದಕ್ಕೆ ಎಂಬುದನ್ನು ಹೇಳುವುದಿಲ್ಲ.

[ದೃಶ್ಯ: ಒಂದೇ ಬಗೆಯ ಎರಡು ಸೌರಫಲಕಗಳು, ಪಕ್ಕದಲ್ಲಿ ಎರಡು ಸಾಲಪತ್ರಗಳು]

ಬಡ್ಡಿಯ ಆಟ ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ಕಲ್ಲಿದ್ದಲು ಸ್ಥಾವರಕ್ಕೆ ಕಟ್ಟುವ ಖರ್ಚಿನ ಜೊತೆಗೆ ವರ್ಷವರ್ಷವೂ ಇಂಧನದ ಖರ್ಚಿದೆ. ಬಿಸಿಲಿಗೆ ಬೆಲೆಯಿಲ್ಲ, ಆದರೆ ಸೌರ ಸ್ಥಾವರದ ಬಹುಪಾಲು ಖರ್ಚನ್ನು ಮೊದಲೇ ಸುರಿಯಬೇಕು. ಆದ್ದರಿಂದ ಬಡ್ಡಿಯ ಪೆಟ್ಟು ಸೌರಶಕ್ತಿಗೇ ಜೋರು. 100 ರೂಪಾಯಿ ಸಾಲ ಮಾಡಿ, 20 ವರ್ಷ ಸಮಾನ ವಾರ್ಷಿಕ ಕಂತಿನಲ್ಲಿ ತೀರಿಸುತ್ತೇವೆ ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡಾ 5 ಇದ್ದರೆ ಕಂತು 8. ಶೇಕಡಾ 12 ಇದ್ದರೆ 13.4. ಫಲಕ ಒಂದೇ, ಬಿಸಿಲು ಒಂದೇ, ಕಂತಿನ ಹೊರೆ ಮಾತ್ರ ಮೂರನೇ ಎರಡರಷ್ಟು ಹೆಚ್ಚು.

ಅಭಿವೃದ್ಧಿಶೀಲ ದೇಶಗಳಲ್ಲಿ ಇಂಥ ಯೋಜನೆಗಳ ಬಂಡವಾಳದ ವೆಚ್ಚ (ಹಣ ಹೊಂದಿಸಲು ತೆರಬೇಕಾದ ಬಡ್ಡಿ, ಹೂಡಿದವರಿಗೆ ಕೊಡಬೇಕಾದ ಲಾಭ) ಶ್ರೀಮಂತ ದೇಶಗಳ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ. ಬಿಸಿಲು ಧಾರಾಳವಾಗಿರುವ ಎಷ್ಟೋ ಕಡೆ ಸಾಲವೇ ದುಬಾರಿ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಮಗ್ಗುಲೂ ಇದೆ. ಕಲ್ಲಿದ್ದಲು ಸ್ಥಾವರ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, 40 ವರ್ಷ ಬಾಳಬಲ್ಲದು. ಅವಧಿಗೆ ಮೊದಲೇ ಮುಚ್ಚಿದರೆ ಬಾಕಿ ಸಾಲ ಮುಳುಗುತ್ತದೆ. ಹಾಗಾಗಿ ಸಾಲ ಕೊಟ್ಟವರಿಗೂ ಆ ಚಿಮಣಿ ಉರಿಯುತ್ತಲೇ ಇರಬೇಕು.

ವಿಶ್ವಬ್ಯಾಂಕ್ 2008ರಲ್ಲಿ ಹಸಿರು ಬಾಂಡ್, ಅಂದರೆ ಪರಿಸರಕ್ಕೆ ಒಳಿತಾಗುವ ಯೋಜನೆಗಳಿಗೆಂದೇ ಸಾಲ ಎತ್ತುವ ಪತ್ರ, ಹೊರಡಿಸಿತು. 2015ರ ಪ್ಯಾರಿಸ್ ಒಪ್ಪಂದದ ಎರಡನೇ ವಿಧಿ, ಹಣದ ಹರಿವೂ ಹವಾಮಾನದ ಗುರಿಗೆ ಹೊಂದಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಬಾಂಡಿನ ಹೆಸರಿಗಿಂತ ನಷ್ಟದ ಭಯವನ್ನು ಯಾರು ಹೊರುತ್ತಾರೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯೋಜನೆ ಸೋತರೆ ಮೊದಲು ಬೀಳುವ ನಷ್ಟಕ್ಕೆ ಸರ್ಕಾರವೋ ಅಭಿವೃದ್ಧಿ ಬ್ಯಾಂಕೋ ಹೆಗಲು ಕೊಟ್ಟರೆ ಖಾಸಗಿ ಬ್ಯಾಂಕ್ ಬಡ್ಡಿ ಇಳಿಸಬಹುದು. ಆ ಶೇಕಡಾ 12 ಎಂಟಕ್ಕೆ ಇಳಿದರೆ, 13.4 ಇದ್ದ ಕಂತು 10.2 ಆಗುತ್ತದೆ.