ದಿಬ್ಬಣದ ಬಸ್ಸಿಗೆ ಎಷ್ಟು ಖರ್ಚಾಗುತ್ತದೆ? ಮದುವೆಯ ವಾಹನಗಳ ಲೆಕ್ಕ

[ಪರದೆಯ ಮೇಲೆ: ಛತ್ರದ ಮುಂದೆ ನಿಂತಿರುವ ಬಸ್ಸು, ಎರಡು ಟೆಂಪೋ ಟ್ರಾವೆಲರ್ (ಟಿಟಿ), ಹೂವಿನಿಂದ ಅಲಂಕರಿಸಿದ ಕಾರು]

ವೀಕ್ಷಕರೇ, ನಮಸ್ಕಾರ. ಮದುವೆಯ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ಛತ್ರ, ಅಡುಗೆ, ಒಡವೆ, ಜವಳಿ, ಫೋಟೋ ಇವೆಲ್ಲ ಮೊದಲ ಪುಟದಲ್ಲಿಯೇ ಬರುತ್ತವೆ. ವಾಹನದ ಖರ್ಚು ಮಾತ್ರ ಬಹಳಷ್ಟು ಮನೆಗಳಲ್ಲಿ ಕೊನೆಯ ಸಾಲಿನಲ್ಲಿ, ಕಣ್ಣಂದಾಜಿನ ಒಂದು ಮೊತ್ತವಾಗಿ ಉಳಿದುಬಿಡುತ್ತದೆ. ಮದುವೆ ಮುಗಿದ ಮೇಲೆ ಟ್ರಾವೆಲ್ಸ್‌ನವರ ಬಿಲ್ಲು ಬಂದಾಗ ಆ ಮೊತ್ತ ಸಾಲದೆ ಹೋಗುತ್ತದೆ. ಹೀಗಾಗಲು ಮುಖ್ಯ ಕಾರಣ, ನಾವು ಊರಿನಿಂದ ಊರಿಗಿರುವ ದೂರವನ್ನು ಲೆಕ್ಕ ಹಾಕುತ್ತೇವೆ, ವಾಹನದವರು ಅದು ನಮಗಾಗಿ ಕಾದು ನಿಂತ ದಿನಗಳನ್ನು ಲೆಕ್ಕ ಹಾಕುತ್ತಾರೆ. ಈ ವ್ಯತ್ಯಾಸವನ್ನು ಅರಿತುಕೊಂಡರೆ ಖರ್ಚಿನ ದೊಡ್ಡ ಪಾಲು ನಿಮ್ಮ ಹಿಡಿತಕ್ಕೆ ಬರುತ್ತದೆ.

ಮೊದಲು ಪ್ರಯಾಣಗಳನ್ನು ಬರೆದುಕೊಳ್ಳಿ. ಹಳೇ ಮೈಸೂರು ಭಾಗದ ಒಂದು ಸಾಮಾನ್ಯ ಮದುವೆಯಲ್ಲಿ ಹಿಂದಿನ ದಿನ ಬೆಳಿಗ್ಗೆ ಸಾಮಾನು ಸರಂಜಾಮು ಛತ್ರ ಸೇರಬೇಕು, ಸಂಜೆ ವರಪೂಜೆ ಮತ್ತು ಆರತಕ್ಷತೆಯ ಹೊತ್ತಿಗೆ ಗಂಡಿನ ದಿಬ್ಬಣ ಬರಬೇಕು, ಮರುದಿನ ಮುಹೂರ್ತಕ್ಕೆ ಉಳಿದ ನೆಂಟರು ಬರಬೇಕು, ಊಟವಾದ ಮೇಲೆ ವಧೂವರರು ಗಂಡಿನ ಮನೆಗೆ ಹೊರಡಬೇಕು. ಇಷ್ಟಕ್ಕೆ ಮುಗಿಯುವುದಿಲ್ಲ. ಬೀಗರ ಊಟಕ್ಕೆ ಹೆಣ್ಣಿನ ಕಡೆಯವರೆಲ್ಲ ಗಂಡಿನ ಊರಿಗೆ ಹೋಗುವ ಬಸ್ಸು ಬೇರೆಯೇ ಇದೆ, ಮತ್ತು ಪಟ್ಟಿಯಿಂದ ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

[ಪರದೆಯ ಮೇಲೆ: ವಾಹನ ಮತ್ತು ಕಿಲೋಮೀಟರ್ ದರ]

ಈಗ ದರಗಳಿಗೆ ಬರೋಣ. ಊರಿಂದೂರಿಗೆ ಬಾಡಿಗೆಗೆ ಬರುವ ಖಾಸಗಿ ವಾಹನಗಳಲ್ಲಿ ಸೆಡಾನ್ ಕಾರಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ 12ರಿಂದ 15 ರೂಪಾಯಿ, ಇನ್ನೋವಾದಂತಹ ಏಳು ಸೀಟಿನ ಕಾರಿಗೆ 17ರಿಂದ 23 ರೂಪಾಯಿ, ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ಗೆ 20 ರೂಪಾಯಿಯ ಆಸುಪಾಸು ಕೇಳುತ್ತಾರೆ. ಐವತ್ತು ಸೀಟಿನ ಎಸಿ ಇಲ್ಲದ ಬಸ್ಸಿಗೆ 45ರಿಂದ 60 ರೂಪಾಯಿಯವರೆಗೂ ಆಗಬಹುದು. ಎಸಿ ಬಸ್ಸಿಗೆ ಇನ್ನೂ ಹೆಚ್ಚು. ಇವು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುವ ಅಂದಾಜುಗಳಾದ್ದರಿಂದ ನಿಮ್ಮೂರಿನಲ್ಲಿ ಮೂರು ಕಡೆಯಾದರೂ ವಿಚಾರಿಸಿ. ಆದರೆ ದರ ಕೇಳಿ ಅಷ್ಟಕ್ಕೇ ನಿಲ್ಲಿಸಬೇಡಿ. ಅದರ ಜೊತೆಗೆ ಕೇಳಲೇಬೇಕಾದ ಮಾತು ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರು ಎಂಬುದು. ಸಾಮಾನ್ಯವಾಗಿ ಅದು 250 ಅಥವಾ 300 ಇರುತ್ತದೆ. ವಾಹನ ಅಷ್ಟು ಓಡದಿದ್ದರೂ ಅಷ್ಟಕ್ಕೆ ಹಣ ಕೊಡಬೇಕು. ಜೊತೆಗೆ ಮೀಟರಿನ ಲೆಕ್ಕ ನಿಮ್ಮ ಮನೆ ಬಾಗಿಲಿನಿಂದ ಆರಂಭವಾಗುವುದಿಲ್ಲ, ಶೆಡ್ಡಿನಿಂದ ಹೊರಟು ಶೆಡ್ಡಿಗೆ ಮರಳುವವರೆಗೆ ಎಣಿಸುತ್ತಾರೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಗಂಡಿನ ಮನೆ ಹಾಸನದಲ್ಲಿ, ಮದುವೆ ಮೈಸೂರಿನ ಛತ್ರದಲ್ಲಿ. ದೂರ ಸುಮಾರು 120 ಕಿಲೋಮೀಟರು, ಹೋಗಿಬರಲು 240. ಕಿಲೋಮೀಟರಿಗೆ 50 ರೂಪಾಯಿಯಾದರೆ ಹನ್ನೆರಡು ಸಾವಿರವಾಗಬೇಕಲ್ಲ ಎಂದು ಮನೆಯವರು ಎಣಿಸುತ್ತಾರೆ. ಆದರೆ ಬಸ್ಸು ಶನಿವಾರ ಮಧ್ಯಾಹ್ನ ಹೊರಟು, ಆರತಕ್ಷತೆಗೆ ಜನರನ್ನು ಇಳಿಸಿ, ರಾತ್ರಿಯೆಲ್ಲ ಛತ್ರದ ಹತ್ತಿರವೇ ನಿಂತು, ಭಾನುವಾರ ಸಂಜೆ ಹಿಂದಿರುಗಿದರೆ ಅದು ಎರಡು ದಿನದ ಬಾಡಿಗೆ. ದಿನಕ್ಕೆ ಕನಿಷ್ಠ 300ರಂತೆ 600 ಕಿಲೋಮೀಟರಿಗೆ 30,000 ರೂಪಾಯಿ. ಅಂದರೆ ಓಡಿದ ಪ್ರತಿ ಕಿಲೋಮೀಟರಿಗೆ ನೀವು ತೆತ್ತದ್ದು 125 ರೂಪಾಯಿ! ಡ್ರೈವರ್ ಮತ್ತು ಕ್ಲೀನರ್ ಬಾಟಾ ಇದರ ಮೇಲೆ ಬರುತ್ತದೆ.

ಇದೇ ದಿಬ್ಬಣವನ್ನು ಬೇರೆ ರೀತಿಯಲ್ಲಿ ಯೋಜಿಸಬಹುದು. ಹಿಂದಿನ ಸಂಜೆ ಇರಲೇಬೇಕಾದವರು ಮದುಮಗ, ತಂದೆ ತಾಯಿ, ಸೋದರಮಾವ, ಅಕ್ಕ ಭಾವ, ಹೀಗೆ ಹತ್ತಿರದವರು. ಅವರು ಮನೆಯ ಕಾರುಗಳಲ್ಲಿ ಹೋಗಲಿ. ಊರಿನ ನೆಂಟರಿಷ್ಟರ ಬಸ್ಸು ಭಾನುವಾರ ನಸುಕಿನಲ್ಲಿ ಹೊರಟರೆ ಒಂಬತ್ತೂವರೆಯ ಮುಹೂರ್ತಕ್ಕೆ ತಲುಪಿ, ಊಟ ಮುಗಿಸಿ, ಕತ್ತಲಾಗುವ ಮೊದಲೇ ಊರು ಸೇರುತ್ತದೆ. ಬಾಡಿಗೆ ಒಂದೇ ದಿನದ್ದು, 15,000 ರೂಪಾಯಿ. ಆರತಕ್ಷತೆಗೂ ಬರಬೇಕೆನ್ನುವ ಹೆಂಗಸರಿಗೆ ಹಾಸನ ಮೈಸೂರು ನಡುವೆ ಓಡುವ ಸಾಮಾನ್ಯ ಸರ್ಕಾರಿ ಬಸ್ಸುಗಳಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಅವುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ವಯಸ್ಸಾದವರು ತುಂಬ ಇರುವ ದಿಬ್ಬಣಕ್ಕೆ ನಸುಕಿನ ಪ್ರಯಾಣ ಕಷ್ಟವೆಂಬುದು ನಿಜ. ಅಂಥವರ ಸಲುವಾಗಿ ಹೆಚ್ಚು ಹಣ ತೆರುವುದು ಸರಿಯಾದ ಖರ್ಚೇ, ಆದರೆ ಅದನ್ನು ತಿಳಿದು ತೆರುವುದು ಒಳ್ಳೆಯದು.

ಸರ್ಕಾರಿ ಬಸ್ಸನ್ನೇ ಇಡಿಯಾಗಿ ಬಾಡಿಗೆಗೆ ಪಡೆಯಬಹುದೇ ಎಂದು ಕೇಳುವವರಿದ್ದಾರೆ. ಪಡೆಯಬಹುದು. ಕೆಎಸ್‌ಆರ್‌ಟಿಸಿ, ಹುಬ್ಬಳ್ಳಿಯ ವಾಯವ್ಯ ಸಾರಿಗೆ, ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಗಳು ಪ್ರಾಸಂಗಿಕ ಕರಾರಿನ ಮೇಲೆ ಬಸ್ಸು ಕೊಡುತ್ತವೆ. ನಿಮ್ಮ ಹತ್ತಿರದ ಡಿಪೋದಲ್ಲಿ ವಿಚಾರಿಸಿದರೆ ಬಸ್ಸಿನ ದರ್ಜೆಗೆ ತಕ್ಕ ದರ, ಕನಿಷ್ಠ ಕಿಲೋಮೀಟರು ಮತ್ತು ಮುಂಗಡದ ವಿವರ ಸಿಗುತ್ತದೆ. ಇಲ್ಲಿ ಬಸ್ಸು ಪೂರ್ತಿ ನಿಮ್ಮದಾಗಿರುವುದರಿಂದ ಶಕ್ತಿ ಯೋಜನೆಯ ರಿಯಾಯಿತಿ ಅನ್ವಯಿಸುವುದಿಲ್ಲ. ದರ ಬರಹದಲ್ಲಿ ಇರುತ್ತದೆ, ಚಾಲಕರು ನುರಿತವರು, ಆದ್ದರಿಂದ ದೊಡ್ಡ ದಿಬ್ಬಣಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಚುನಾವಣೆಯ ದಿನಗಳಲ್ಲಿ ಈ ಬಸ್ಸುಗಳನ್ನು ಮತಗಟ್ಟೆ ಸಿಬ್ಬಂದಿಗಾಗಿ ತೆಗೆದುಕೊಳ್ಳುತ್ತಾರೆ. 2023ರ ವಿಧಾನಸಭಾ ಮತದಾನ ಮೇ 10ರಂದು, 2024ರ ಲೋಕಸಭಾ ಮತದಾನ ಏಪ್ರಿಲ್ 26 ಮತ್ತು ಮೇ 7ರಂದು ನಡೆಯಿತು. ಎರಡೂ ಮದುವೆಗಳ ಭರಾಟೆಯ ಕಾಲವೇ.

ಆ ಭರಾಟೆಯೂ ದರವನ್ನು ನಿರ್ಧರಿಸುತ್ತದೆ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆಗಳು ನಡೆಯುವುದಿಲ್ಲವಾದ್ದರಿಂದ ಉಳಿದ ತಿಂಗಳುಗಳ ಒಳ್ಳೆಯ ಲಗ್ನಗಳ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ವೈಶಾಖದ ಒಂದು ಭಾನುವಾರ ತಾಲ್ಲೂಕು ಕೇಂದ್ರದ ಎಲ್ಲ ಛತ್ರಗಳೂ ತುಂಬಿದ್ದರೆ ಅಲ್ಲಿನ ಎಲ್ಲ ಬಸ್ಸುಗಳೂ ಹೊರಟಿರುತ್ತವೆ. ಆದ್ದರಿಂದ ಛತ್ರಕ್ಕೆ ಮುಂಗಡ ಕೊಟ್ಟ ವಾರದಲ್ಲಿಯೇ ಬಸ್ಸಿಗೂ ಮುಂಗಡ ಕೊಡಿ.

[ಪರದೆಯ ಮೇಲೆ: ಬೆಂಗಳೂರಿನ ರೈಲು ನಿಲ್ದಾಣದಿಂದ ಛತ್ರಕ್ಕೆ]

ನಗರದೊಳಗಿನ ಓಡಾಟಕ್ಕೆ ಸರ್ಕಾರ ನಿಗದಿಪಡಿಸಿದ ದರಗಳಿವೆ. 2024ರ ಫೆಬ್ರವರಿಯ ಆದೇಶದಂತೆ ಟ್ಯಾಕ್ಸಿಗಳಲ್ಲಿ ಹತ್ತು ಲಕ್ಷದವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. ಹದಿನೈದು ಲಕ್ಷ ಮೀರಿದ ವಾಹನಕ್ಕೆ 130 ಮತ್ತು 32. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಶೇಕಡ 10 ಹೆಚ್ಚು. ಬೆಂಗಳೂರಿನ ಆಟೋಗಳಿಗೆ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ 18. ಹೊರಗಿನಿಂದ ಬರುವ ನೆಂಟರು ಒಬ್ಬೊಬ್ಬರಾಗಿ, ಬೇರೆ ಬೇರೆ ಹೊತ್ತಿನಲ್ಲಿ ಇಳಿಯುವುದಾದರೆ ದಿನವಿಡೀ ಒಂದು ಟಿಟಿಯನ್ನು ನಿಲ್ಲಿಸಿಕೊಳ್ಳುವುದಕ್ಕಿಂತ ಈ ದರದಲ್ಲಿ ಅವರನ್ನು ಕರೆಸಿಕೊಳ್ಳುವುದು ಅಗ್ಗ. ಒಟ್ಟಿಗೆ ಇಪ್ಪತ್ತು ಮಂದಿ ಒಂದೇ ರೈಲಿನಲ್ಲಿ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ.

ವಧೂವರರ ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಷಾರಾಮಿ ಕಾರನ್ನು ಕೆಲವೇ ಗಂಟೆಗಳಿಗೆ ತರಿಸಿದರೂ ಬಾಡಿಗೆ ಹತ್ತಾರು ಸಾವಿರ ದಾಟುತ್ತದೆ, ಹೂವಿನ ಅಲಂಕಾರಕ್ಕೆ ಬೇರೆ ಕೆಲವು ಸಾವಿರಗಳಾಗುತ್ತವೆ. ಮನೆಯವರದ್ದೇ ಕಾರಿಗೆ ಹೂವು ಕಟ್ಟಿಸಿದರೂ ಆ ಹೊತ್ತಿನ ಸಂತೋಷಕ್ಕೆ ಕೊರತೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಲ್ಲಿನ ಕೊನೆಯಲ್ಲಿ ಸೇರುವ ಸಣ್ಣ ಸಾಲುಗಳನ್ನು ಮೊದಲೇ ಕೇಳಿ ತಿಳಿಯಿರಿ. ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ ಬಸ್ಸಿಗೆ ಕಾರಿನ ಮೂರು ಪಟ್ಟಿಗೂ ಹೆಚ್ಚು ಶುಲ್ಕವಿದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಹಿಂದಿರುಗಿದರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಮಾತ್ರ ಬೀಳುತ್ತದೆ. ಇಂಧನ ಸೇರಿದ ವಾಹನ ಬಾಡಿಗೆಗೆ ನೋಂದಾಯಿತ ಟ್ರಾವೆಲ್ಸ್‌ನವರು ಸಾಮಾನ್ಯವಾಗಿ ಶೇಕಡ 5 ಜಿಎಸ್‌ಟಿ ಸೇರಿಸುತ್ತಾರೆ. ಮದುವೆ ಹೊಸೂರಿನಲ್ಲೋ ಕಾಸರಗೋಡಿನಲ್ಲೋ ಇದ್ದರೆ ವಾಹನಕ್ಕೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ಗಡಿಯಾಚೆಗಿನ ತೆರಿಗೆ ಯಾರ ಪಾಲಿಗೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಹಣ ಉಳಿಸಲು ಮಾಡಬಾರದ ಕೆಲಸವೊಂದಿದೆ, ಅದನ್ನು ಒತ್ತಿ ಹೇಳುತ್ತೇನೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಸರಕು ಸಾಗಿಸುವ ವಾಹನದಲ್ಲಿ ದಯವಿಟ್ಟು ದಿಬ್ಬಣವನ್ನು ಕಳುಹಿಸಬೇಡಿ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಹಿಡಿಯಬೇಡಿ. ಅಪಘಾತವಾದರೆ ಅಂತಹ ಪ್ರಯಾಣಿಕರಿಗೆ ವಿಮೆಯ ಪರಿಹಾರ ಸಿಗುವುದು ಬಹಳ ಕಷ್ಟ, ಮತ್ತು ಮದುವೆಯ ಮನೆಯಲ್ಲಿ ಆಗುವ ನಷ್ಟವನ್ನು ಯಾವ ಉಳಿತಾಯವೂ ತುಂಬಿಕೊಡದು. ಹಳದಿ ಬೋರ್ಡಿನ ವಾಹನದಲ್ಲಿಯೂ ಸೀಟಿಗಿಂತ ಹೆಚ್ಚು ಜನರನ್ನು ತುಂಬಿದರೆ ಹೆಚ್ಚುವರಿ ತಲೆಗೆ 200 ರೂಪಾಯಿಯಂತೆ ದಂಡವಿದೆ.

ಈ ಖರ್ಚು ಯಾರದು? ಗಂಡಿನ ದಿಬ್ಬಣದ ಬಸ್ಸಿನ ಹಣವನ್ನೂ ಹೆಣ್ಣಿನ ಮನೆಯವರಿಂದಲೇ ಕೇಳುವ ರೂಢಿ ಕೆಲವೆಡೆ ಉಳಿದಿದೆ. ಛತ್ರದ, ಊಟದ ಭಾರ ಹೊತ್ತವರ ಮೇಲೆ ಇದನ್ನೂ ಹೊರಿಸುವುದು ನ್ಯಾಯವಲ್ಲ. ತಮ್ಮ ತಮ್ಮ ನೆಂಟರ ಬಸ್ಸು ತಮ್ಮ ತಮ್ಮ ಖರ್ಚಿನದು ಎಂದು ನಿಶ್ಚಿತಾರ್ಥದ ದಿನವೇ ಹಿರಿಯರ ಮುಂದೆ ಮಾತಾಡಿಕೊಂಡರೆ ಮುಂದೆ ಮುಜುಗರಕ್ಕೆ ಎಡೆಯಿರುವುದಿಲ್ಲ.

ಬಸ್ಸಿನ ಗಾತ್ರವನ್ನು ಗೊತ್ತುಮಾಡುವ ಮುನ್ನ ಬರುವವರ ಹೆಸರುಗಳನ್ನು ಬರೆಯಿರಿ. ಬಸ್ಸಿನಲ್ಲಿ ಬರುತ್ತೇವೆ ಎಂದವರಲ್ಲಿ ಹಲವರು ಕೊನೆಗೆ ತಮ್ಮ ಕಾರಿನಲ್ಲಿಯೇ ಬರುತ್ತಾರೆ. ಐವತ್ತು ಸೀಟಿನ ಬಸ್ಸು ಅರ್ಧ ಖಾಲಿಯಾಗಿ ಹೋಗುವುದನ್ನು ಎಷ್ಟೋ ಮದುವೆಗಳಲ್ಲಿ ನೋಡುತ್ತೇವೆ. ಮೂವತ್ತಮೂರು ಸೀಟಿನ ಬಸ್ಸು ಸಾಕಾಗುವುದಾದರೆ ಕಿಲೋಮೀಟರ್ ದರವೂ ಇಳಿಯುತ್ತದೆ. ಹೊರಡುವ ದಿನ ಮನೆಯ ಒಬ್ಬ ಹುಡುಗನಿಗೆ ಜವಾಬ್ದಾರಿ ವಹಿಸಿ: ಬಸ್ಸು ಬಂದ ಕೂಡಲೇ ಮೀಟರಿನ ಫೋಟೋ ತೆಗೆಯಲಿ, ಶೆಡ್ಡಿನಿಂದ ಓಡಿದ ದೂರವನ್ನು ಡ್ರೈವರನ ಎದುರಿನಲ್ಲಿಯೇ ಬರೆದುಕೊಳ್ಳಲಿ, ಡ್ರೈವರ್ ಮತ್ತು ಕ್ಲೀನರ್ ಇಬ್ಬರಿಗೂ ಮೊದಲ ಪಂಕ್ತಿಯಲ್ಲಿಯೇ ಊಟವಾಗುವಂತೆ ನೋಡಿಕೊಳ್ಳಲಿ. ಹಿಂದಿರುಗಿದ ಮೇಲೆ ಮತ್ತೊಮ್ಮೆ ಮೀಟರಿನ ಫೋಟೋ ತೆಗೆದು, ಟ್ರಿಪ್ ಶೀಟಿನ ಅಂಕಿಗಳೊಂದಿಗೆ ಹೋಲಿಸಿದ ಬಳಿಕವೇ ಸಹಿ ಹಾಕಿ ಬಾಕಿ ಹಣ ಕೊಡಲಿ.