ರಾಗಿ, ಪ್ಯಾಂಟು ಬಿಡು!

ನಮಸ್ಕಾರ. ಬೆಳಗ್ಗೆ ಆರೂವರೆ. ನನ್ನ ಪ್ಯಾಂಟಿಗೆ ನೇತಾಡುತ್ತಿದೆಯಲ್ಲ, ಅದೇ ರಾಗಿ. ಬಣ್ಣ ನೋಡಿ, ಹುರಿದ ರಾಗಿ ಹಿಟ್ಟಿನದೇ. ಹನುಮಂತನಗರದ ನಮ್ಮ ಬೀದಿಯದೇ ಮರಿ, ನಾಲ್ಕು ತಿಂಗಳು. ಮುಧೋಳ ಬೆರೆತಿದೆ ಅಂತ ನನ್ನ ತಮ್ಮನ ವಾದ. ಹೌದಪ್ಪ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು, ಅವತ್ತಿಂದ ಕಾಲು ಉದ್ದ ಇರುವ ಬೀದಿ ನಾಯಿಯೆಲ್ಲ ಮುಧೋಳವೇ.

ಕಾಫಿ ಆಯಿತು. ಇಲ್ಲಿ ಝೂಮ್ ಮಾಡಿದ್ದೇನೆ, ತುಟಿ ಎತ್ತಿದಾಗ ನೋಡಿ. ಮುಂದಿನ ಹಲ್ಲು ಅಕ್ಕಿ ಕಾಳಿನಷ್ಟು, ಪಕ್ಕದ್ದು ಸೂಜಿ. ಹಾಲುಹಲ್ಲು ಒಟ್ಟು 28. ಇವು ಉದುರಿ, ಆರೇಳು ತಿಂಗಳ ಹೊತ್ತಿಗೆ 42 ಬರುತ್ತವೆ. ಅಲ್ಲಿಯವರೆಗೆ ಒಸಡು ಕಿರಿಕಿರಿ. ಅದಕ್ಕೆ ಕಿರಿಕಿರಿ ಆದರೆ ನನಗೂ ಆಗಬೇಕು ಅಂತ ಅದರ ಲೆಕ್ಕ.

ಈಗ ಈ ಆಟಿಕೆ. 649 ರೂಪಾಯಿ! ರಬ್ಬರು, ಮೂಳೆ ಆಕಾರ. ಅಂಗಡಿಯವರು "ಮೇಡಂ, ಇದು ಕೊಟ್ರೆ ನಿಮ್ಮ ಕೈ ಮುಟ್ಟಲ್ಲ" ಅಂದರು. ರಾಗಿ ಮೂಸಿತು, ಸೀನಿತು, ಹೊರಟು ಹೋಯಿತು. ಸುಮ್ನೆ ಕಾಲು ತಾಗಿ ಆ ಆಟಿಕೆ ಮಂಚದ ಕೆಳಗೆ ಉರುಳುತ್ತದೆ. ನಾನು ನೆಲಕ್ಕೆ ಕೆನ್ನೆ ಇಟ್ಟು, ಕಡ್ಡಿ ಪೊರಕೆ ತೂರಿಸಿ ಎಳೆಯಬೇಕು. ಅಷ್ಟರಲ್ಲಿ ರಾಗಿ ಬಂದು ಪೊರಕೆ ಕಚ್ಚುತ್ತದೆ. ದಿನಕ್ಕೆ ನಾಲ್ಕು ಸಲ. 649ಕ್ಕೆ ಗಾಂಧಿ ಬಜಾರ್‌ನಲ್ಲಿ ಎಷ್ಟು ಕ್ಯಾರೆಟ್ ಬರುತ್ತಿತ್ತು ಹೇಳಿ! ಫ್ರೀಜರಿನಲ್ಲಿಟ್ಟ ದಪ್ಪ ಕ್ಯಾರೆಟ್ ಕೊಟ್ಟರೆ ಹತ್ತು ನಿಮಿಷ ಮನೆ ಶಾಂತ. ಪಕ್ಕದಲ್ಲೇ ಕೂತಿರುತ್ತೇನೆ, ತುಂಡು ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಹಳೇ ಟವೆಲ್ ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿಗೆ ಹಾಕಿದರೂ ನಡೆಯುತ್ತದೆ. ಆಟಿಕೆ ದಂಡ. ಬೇಕಾದವರು ತಗೊಂಡು ಹೋಗಿ.

ಎಲ್ಲರೂ ಹೇಳುವ ಇನ್ನೊಂದು ಉಪಾಯ, ಕಚ್ಚಿದಾಗ ಮರಿ ಥರಾನೇ ಕಿರುಚುವುದು. ಕಿರುಚಿದೆ. ರಾಗಿಗೆ ಅದು ಚಪ್ಪಾಳೆ ಹೊಡೆದಂತಾಯಿತು, ಇನ್ನೂ ಜೋರು. ಕೆಳಗಡೆಯಿಂದ ಓನರ್ ಆಂಟಿ ಓಡಿ ಬಂದು "ಏನಮ್ಮಾ, ಬಿದ್ಯೇನೇ?" ಅಂದರು. ಕೆಲವು ಮರಿಗೆ ಕೆಲಸ ಮಾಡುತ್ತದಂತೆ. ನಮ್ಮದಕ್ಕೆ ಇಲ್ಲ.

ಅಜ್ಜಿ ಫೋನಿನಲ್ಲಿ "ಮೂತಿಗೆ ಒಂದು ಬಿಡೇ" ಅಂದರು. ಒಂದೇ ಸಲ, ಮೆಲ್ಲಗೆ ಬಿಟ್ಟೆ. ಮಾರನೇ ದಿನ ತಲೆ ಸವರೋಣ ಅಂತ ಕೈ ಎತ್ತಿದರೆ ಕಿವಿ ಮಡಚಿ ಹಿಂದೆ ಸರಿಯಿತು. ಹೊಟ್ಟೆ ಕಿವುಚಿದ ಹಾಗಾಯಿತು. ಅವತ್ತೇ ಕೊನೆ.

ಈಗ ನೋಡಿ, ಹಲ್ಲು ತಾಗಿತು. ಕೈ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡರೆ ಅಟ್ಟಿಸಿಕೊಂಡು ಬರುತ್ತದೆ. ಕೈ ಕಟ್ಟಿ ಕಂಬದ ಹಾಗೆ ನಿಂತೆ. ಮಾತಿಲ್ಲ, ಅದರ ಕಡೆ ನೋಡುವುದೂ ಇಲ್ಲ. ಬಿಡಲಿಲ್ಲ ಅಂದರೆ ಅಡುಗೆಮನೆ ಗೇಟಿನ ಆಚೆ ಹೋಗಿ ಇಪ್ಪತ್ತು ಸೆಕೆಂಡು. ವಾಪಸ್ ಬಂದು ಮತ್ತೆ ಆಟ. ಮನೆಯಲ್ಲಿ ಎಲ್ಲರೂ ಹೀಗೇ ಮಾಡಬೇಕು. ನನ್ನ ತಮ್ಮ ಬರಿಗೈಯಲ್ಲಿ ಕುಸ್ತಿ ಆಡುತ್ತಾನೆ, ಆಮೇಲೆ "ಅಕ್ಕಾ, ಕಚ್ತು" ಅಂತಾನೆ.

ಕಳೆದ ವಿಡಿಯೋದಲ್ಲಿ ಹಗ್ಗ ಎಳೆಯುವ ಆಟ ಬೇಡವೇ ಬೇಡ ಅಂದಿದ್ದೆ. ತಪ್ಪು, ವಾಪಸ್ ತಗೊಂಡೆ. "ಬಿಡು" ಅಂದಾಗ ಬಿಟ್ಟರೆ ಒಂದು ಕಡಲೆಬೀಜ, ಉಪ್ಪಿಲ್ಲದ್ದು. ಹಲ್ಲಿಗೂ ಕೆಲಸ, ನನ್ನ ಕೈಯೂ ದೂರ.

ಹಾಂ, ಚರ್ಮ ಹರಿದರೆ ಸದರ ಮಾಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಮನೆ ಮರಿ ಆದರೂ ಅಷ್ಟೇ. ನಾನೂ ಹೋಗಿದ್ದೆ.

ಸಂಜೆ ಏಳರ ಶಾಟ್. ಪೂರ್ತಿ ಹುಚ್ಚು, ಸೋಫಾದಿಂದ ಬಾಗಿಲು, ಬಾಗಿಲಿಂದ ಸೋಫಾ. ಇದು ಪುಂಡಾಟ ಅಂದುಕೊಂಡಿದ್ದೆ, ನಿದ್ದೆಗೆಟ್ಟ ಹಠ. ಮರಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ನಮ್ಮನೆ ಬೆಲ್ಲು, ಹಾಲಿನವರು, ಕೊರಿಯರ್ ನಡುವೆ ಎಲ್ಲಿಂದ ಬರಬೇಕು? ಮಧ್ಯಾಹ್ನ ಕರ್ಟನ್ ಎಳೆದು ಮಲಗಿಸಲು ಶುರು ಮಾಡಿದ ಮೇಲೆ ಕಚ್ಚುವುದು ಅರ್ಧಕ್ಕೆ ಇಳಿದಿದೆ.

ಅರೆ, ತಡೀರಿ. ಬಾಯಲ್ಲಿ ಏನದು? ಆ ಮೂಳೆ! ನಿಜವಾಗಲೂ ಅಗಿಯುತ್ತಿದೆ! ಸರಿ, 649 ಜಾಸ್ತಿ ಏನಲ್ಲ ಬಿಡಿ. ಕ್ಯಾಮೆರಾ ಹತ್ತಿರ ತರ್ತೀನಿ... ಹೋಯ್ತು, ಮಂಚದ ಕೆಳಗೆ. ಪೊರಕೆ ಎಲ್ಲಿ? ರಾಗಿ, ಪೊರಕೆ ಬಿಡು!